ಮೊಡವೆ ಮಾತ್ರೆಗೆ ಇನ್ಶೂರೆನ್ಸ್ ಯಾಕೆ ದುಡ್ಡು ಕೊಡಲ್ಲ?

2025ರ ಸೆಪ್ಟೆಂಬರ್ 22ರಂದು ಎರಡು ಬದಲಾವಣೆ ಒಟ್ಟಿಗೇ ಜಾರಿಗೆ ಬಂದವು. ನಾವಾಗಿ ಮಾಡಿಸುವ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ ಪೂರ್ತಿ ಹೋಯಿತು. ಹೆಚ್ಚಿನ ಔಷಧಿಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ವಿಮೆಯೂ ಅಗ್ಗ, ಔಷಧಿಯೂ ಅಗ್ಗ ಎಂದ ಮೇಲೆ ಔಷಧಿಯ ಖರ್ಚನ್ನು ವಿಮೆಯವರೇ ನೋಡಿಕೊಳ್ಳಬೇಕು ಅಲ್ವಾ? ಹಾಗೆ ಅಂದುಕೊಂಡವರಿಗೆ ಮೆಡಿಕಲ್ ಶಾಪಿನಲ್ಲಿ ಬೇರೆಯದೇ ಉತ್ತರ ಸಿಗುತ್ತದೆ.

ಇದು ಚೆನ್ನಾಗಿ ಕಾಣುವುದು ಮೊಡವೆಯ ಚಿಕಿತ್ಸೆಯಲ್ಲಿ. ಹದಿನೇಳರ ಹುಡುಗಿಯ ಕೆನ್ನೆ ತುಂಬ ಗಂಟು ಮೊಡವೆ. ಮನೆಯಲ್ಲಿ 5 ಲಕ್ಷ ರೂ.ಗಳ ಕುಟುಂಬ ವಿಮೆ ಇದೆ, ಕಂತು ತಪ್ಪದೆ ಕಟ್ಟಿದ್ದಾರೆ. ಸ್ಕಿನ್ ಡಾಕ್ಟರ್ ಆರು ತಿಂಗಳ ಔಷಧಿ ಬರೆದರು. ವಿಮೆಯಿಂದ ಎಷ್ಟು ಬರುತ್ತದೆ? ಬಹುತೇಕ ಪಾಲಿಸಿಗಳಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಮಡಿಕೇರಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಇದೇ ಕತೆ. ಆದರೆ ಕೊಡಗಿನಲ್ಲಿ ಇದಕ್ಕೆ ಕೆಲವು ವಿನಾಯಿತಿಗಳಿವೆ. ಅವು ಇರುವ ಜಾಗ ಹೆಚ್ಚಿನವರು ಹುಡುಕುವ ಜಾಗವಲ್ಲ.

ಜಿಎಸ್‌ಟಿ ಇಳಿದದ್ದು ಎಲ್ಲಿ, ಎಷ್ಟು?

ಮೊದಲು ಕಂತಿನ ಲೆಕ್ಕ. ವರ್ಷಕ್ಕೆ 20,000 ರೂ. ಕಂತು ಇದ್ದರೆ ಮೊದಲು ಅದರ ಮೇಲೆ 3,600 ರೂ. ತೆರಿಗೆ ಬೀಳುತ್ತಿತ್ತು. ಈಗ ಅದಿಲ್ಲ. ಆದರೆ ಈ ವಿನಾಯಿತಿ ವೈಯಕ್ತಿಕ ಪಾಲಿಸಿ, ಕುಟುಂಬದ ಫ್ಲೋಟರ್ ಪಾಲಿಸಿ (ಮನೆಯವರೆಲ್ಲರಿಗೂ ಸೇರಿ ಒಂದೇ ಮೊತ್ತದ್ದು) ಮತ್ತು ಹಿರಿಯ ನಾಗರಿಕರ ಪಾಲಿಸಿಗೆ ಮಾತ್ರ. ಗುಂಪು ವಿಮೆಗೆ ಶೇ 18 ಹಾಗೇ ಇದೆ. ಕಂಪನಿಗಳು ನೌಕರರಿಗೆ ಮಾಡಿಸುವುದು ಗುಂಪು ವಿಮೆ. ಬ್ಯಾಂಕುಗಳು ತಮ್ಮ ಖಾತೆದಾರರಿಗೆಂದು ಮಾರುವ ಎಷ್ಟೋ ಪಾಲಿಸಿಗಳೂ ಗುಂಪು ವಿಮೆಯೇ. ಹಾಗಾಗಿ ‘ಪಕ್ಕದ ಮನೆಯವರಿಗೆ ಕಡಿಮೆಯಾಯಿತು, ನಮಗೆ ಯಾಕಿಲ್ಲ’ ಎಂದು ಕೇಳುವವರು ಮೊದಲು ತಮ್ಮ ಪಾಲಿಸಿ ಯಾವ ಬಗೆಯದು ಎಂದು ನೋಡಬೇಕು.

ಇದಕ್ಕೆ ಇನ್ನೊಂದು ಮುಖವಿದೆ. ತೆರಿಗೆ ಹೋದ ಮೇಲೆ, ಕಂಪನಿಗಳು ತಮ್ಮ ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ವಾಪಸ್ ಹೊಂದಿಸಿಕೊಳ್ಳುವ ಅವಕಾಶವೂ ಹೋಯಿತು. ಆ ಹೊರೆಯನ್ನು ಹಲವು ಕಂಪನಿಗಳು ಏಜೆಂಟರ ಕಮಿಷನ್‌ನಲ್ಲಿ ಕಡಿತ ಮಾಡಿ ತುಂಬಿಕೊಂಡವು. ಮುಂದೆ ಮೂಲ ಕಂತೇ ಏರಿದರೆ ಈಗ ಉಳಿದ ದುಡ್ಡಿನಲ್ಲಿ ಒಂದು ಪಾಲು ಅಲ್ಲಿಗೆ ಹೋಗುತ್ತದೆ.

ಮುಖ್ಯವಾದ ಮಾತು ಬೇರೆ ಇದೆ. ಈ ಬದಲಾವಣೆಯಿಂದ ಕಂತು ಅಗ್ಗವಾಯಿತು, ಪಾಲಿಸಿಯ ಒಳಗಿನ ಒಂದು ಷರತ್ತೂ ಬದಲಾಗಲಿಲ್ಲ. ನಿನ್ನೆ ಏನು ಕವರ್ ಆಗುತ್ತಿತ್ತೋ ಇವತ್ತೂ ಅಷ್ಟೇ.

ವಿಮೆಗೆ ಲೆಕ್ಕ ಆಸ್ಪತ್ರೆಯ ಹಾಸಿಗೆ

ನಮ್ಮ ದೇಶದ ಆರೋಗ್ಯ ವಿಮೆ ಹುಟ್ಟಿದ್ದೇ ಆಸ್ಪತ್ರೆಗೆ ಸೇರುವವರಿಗಾಗಿ. ಎಲ್ಲ ಕಂಪನಿಗಳೂ ಒಂದೇ ನಿಯಮದಲ್ಲಿ ಮಾರಬೇಕಾದ ಮಾದರಿ ಪಾಲಿಸಿ ಒಂದಿದೆ, ‘ಆರೋಗ್ಯ ಸಂಜೀವನಿ’. 2020ರ ಏಪ್ರಿಲ್‌ನಿಂದ ಇದೆ. ಅದನ್ನು ಓದಿದರೆ ಇಡೀ ವ್ಯವಸ್ಥೆಯ ಸ್ವಭಾವ ಗೊತ್ತಾಗುತ್ತದೆ. ರೋಗಿ ಕನಿಷ್ಠ 24 ಗಂಟೆ ಒಳರೋಗಿಯಾಗಿರಬೇಕು. ಕಣ್ಣಿನ ಪೊರೆ ಆಪರೇಷನ್‌ನಂಥ, ದಿನದೊಳಗೆ ಮುಗಿಯುವ ಕೆಲವು ಚಿಕಿತ್ಸೆಗೆ ಮಾತ್ರ ಇದರಿಂದ ವಿನಾಯಿತಿ. ಹೊರಗೆ ಕೊಂಡ ಔಷಧಿಗೂ ದುಡ್ಡು ಬರುತ್ತದೆ, ಆದರೆ ಆಸ್ಪತ್ರೆ ಸೇರುವ ಮೊದಲಿನ 30 ದಿನ, ಬಿಟ್ಟ ಮೇಲಿನ 60 ದಿನದ್ದಕ್ಕೆ ಮಾತ್ರ. ಅದೂ ಯಾವ ಕಾಯಿಲೆಗೆ ಸೇರಿದ್ದರೋ ಅದೇ ಕಾಯಿಲೆಯದ್ದಾಗಿರಬೇಕು. ಬೇರೆ ಪಾಲಿಸಿಗಳಲ್ಲಿ ದಿನಗಳು ಜಾಸ್ತಿ ಇರಬಹುದು, ನಿಯಮದ ಚೌಕಟ್ಟು ಇದೇ.

ಮೊಡವೆಯವರು ಹಾಸಿಗೆ ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಡಾಕ್ಟರನ್ನು ಕಾಣುತ್ತಾರೆ, ಮೂರು ಸ್ಟ್ರಿಪ್ ಮಾತ್ರೆ, ಒಂದು ಟ್ಯೂಬ್ ಕೊಂಡು ಮನೆಗೆ ಹೋಗುತ್ತಾರೆ. ವಿಮೆಯ ಭಾಷೆಯಲ್ಲಿ ಇದು ಹೊರರೋಗಿ ಖರ್ಚು, ಅಂದರೆ ಒಪಿಡಿ. ಜೀಪಿಗೆ ಇನ್ಶೂರೆನ್ಸ್ ಇದ್ದರೂ ಪಂಕ್ಚರ್ ಹಾಕಿಸಲು ಕೈಯಿಂದಲೇ ಕೊಡುತ್ತೇವಲ್ಲ, ಕಂಪನಿಗಳ ಲೆಕ್ಕವೂ ಹಾಗೇ. ಅಪರೂಪಕ್ಕೆ ಬರುವ ದೊಡ್ಡ ಏಟಿಗೆ ವಿಮೆ, ಪದೇ ಪದೇ ಬರುವ ಸಣ್ಣ ಖರ್ಚು ನಿಮ್ಮದು.

ಕಂಪನಿಗಳ ವಾದದಲ್ಲಿ ಹುರುಳಿಲ್ಲದೇ ಇಲ್ಲ. 400 ರೂ. ಬಿಲ್ಲನ್ನು ಪರಿಶೀಲಿಸಲು ಆಗುವ ಖರ್ಚು ಕೆಲವೊಮ್ಮೆ ಆ ಬಿಲ್ಲಿಗಿಂತ ದೊಡ್ಡದು. ಸುಳ್ಳು ಬಿಲ್ ಮಾಡಿಸುವುದೂ ಸುಲಭ. ಅದೂ ಅಲ್ಲದೆ, ಔಷಧಿ ಬೇಕು ಎಂದು ಮೊದಲೇ ಗೊತ್ತಿರುವವರೇ ಇಂಥ ವಿಮೆ ಕೊಳ್ಳುತ್ತಾರೆ. ಎಲ್ಲರೂ ಕ್ಲೇಮ್ ಮಾಡುವ ವಿಮೆಯಲ್ಲಿ ಕಂತು ಖರ್ಚಿನಷ್ಟೇ ಆಗಿಬಿಡುತ್ತದೆ.

ಇನ್ನೊಂದು ಕಡೆಯ ವಾದವೂ ಅಷ್ಟೇ ಗಟ್ಟಿ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021-22ರಲ್ಲಿ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಶೇ 39.4ರಷ್ಟನ್ನು ಜನ ನೇರವಾಗಿ ತಮ್ಮ ಜೇಬಿನಿಂದ ಕೊಟ್ಟಿದ್ದಾರೆ. 2013-14ರಲ್ಲಿ ಇದು ಶೇ 64.2 ಇತ್ತು. ಇಳಿದಿದೆ ನಿಜ. ಆದರೂ ಉಳಿದದ್ದರಲ್ಲಿ ಮೆಡಿಕಲ್ ಶಾಪಿನ ಬಿಲ್ಲಿನದೇ ದೊಡ್ಡ ಪಾಲು. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಚರ್ಮದ ಕಾಯಿಲೆ, ಹೀಗೆ ವರ್ಷಗಟ್ಟಲೆ ನಡೆಯುವ ಚಿಕಿತ್ಸೆಗಳೆಲ್ಲ ಹಾಸಿಗೆಯಿಂದ ಹೊರಗೇ ಇವೆ. ಅವನ್ನು ಬಿಟ್ಟು ‘ಆರೋಗ್ಯ’ ವಿಮೆ ಎಂದು ಕರೆಯುವುದು ಸ್ವಲ್ಪ ಜಾಸ್ತಿಯೇ ಆಯಿತು.

ಡಾಕ್ಟರ್ ಚೀಟಿಯ ಲೆಕ್ಕ

ಗಂಟು ಮೊಡವೆಗೆ, ಕಲೆ ಉಳಿಸುವ ಮೊಡವೆಗೆ ಡಾಕ್ಟರುಗಳು ಬರೆಯುವ ಮುಖ್ಯ ಔಷಧಿ ಐಸೊಟ್ರೆಟಿನಾಯಿನ್. ಇದು ವಿಟಮಿನ್ ಎ ಬಳಗದ್ದು. ಅಮೆರಿಕದಲ್ಲಿ 1982ರಲ್ಲಿ ಒಪ್ಪಿಗೆ ಪಡೆದದ್ದು. ಇದರ ಹಳೆಯ ಲೆಕ್ಕ ಹೀಗಿದೆ: ಇಡೀ ಕೋರ್ಸಿನಲ್ಲಿ ದೇಹದ ತೂಕದ ಪ್ರತಿ ಕಿಲೋಗೆ 120ರಿಂದ 150 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಕಡಿಮೆಯೆಂದರೂ 7,200 ಮಿಲಿಗ್ರಾಂ ಆಯಿತು. ಅಂದರೆ 20 ಮಿಲಿಗ್ರಾಂನ 360 ಕ್ಯಾಪ್ಸೂಲ್, 36 ಸ್ಟ್ರಿಪ್. ದಿನಕ್ಕೆ ಎರಡು ನುಂಗಿದರೆ ಆರು ತಿಂಗಳು, ಒಂದಾದರೆ ಒಂದು ವರ್ಷ. ಕಡಿಮೆ ಡೋಸಿನಲ್ಲಿ ನಡೆಸುವ ಡಾಕ್ಟರುಗಳೂ ಇದ್ದಾರೆ. ಯಾರಿಗೆ ಎಷ್ಟು ಎಂಬುದು ಅವರ ತೀರ್ಮಾನ.

ಲೆಕ್ಕಕ್ಕೆ ಸ್ಟ್ರಿಪ್ಪಿಗೆ 250 ರೂ. ಎಂದಿಟ್ಟುಕೊಳ್ಳೋಣ. 36 ಸ್ಟ್ರಿಪ್ಪಿಗೆ 9,000 ರೂ. ಈ ಬೆಲೆಯಲ್ಲಿ ಮೊದಲು ಶೇ 12 ತೆರಿಗೆ ಸೇರಿತ್ತು. ಅದು ಶೇ 5 ಆದಾಗ 250 ರೂ. ಸ್ಟ್ರಿಪ್ ಸುಮಾರು 234 ರೂ. ಆಗುತ್ತದೆ. ಇಡೀ ಕೋರ್ಸಿಗೆ ಉಳಿಯುವುದು 560 ರೂ. ಆಸುಪಾಸು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಜಿಲ್ಲೆಯಲ್ಲಿ ರೈಲಿಲ್ಲ. ಕಾರು ಮಾಡಿಕೊಂಡು ಒಂದು ಸಲ ಹೋಗಿ ಬಂದರೆ ಆ ಉಳಿತಾಯ ಪೆಟ್ರೋಲಿಗೂ ಸಾಲದು. ಶಕ್ತಿ ಯೋಜನೆಯಿಂದಾಗಿ ಮಗಳಿಗೂ ತಾಯಿಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಮೊಡವೆ ಬಂದದ್ದು ಮಗನಿಗಾದರೆ ಅದೂ ಖರ್ಚೇ.

ಚೀಟಿಯಲ್ಲಿ ಇನ್ನೂ ಸಾಲುಗಳಿರುತ್ತವೆ. ಈ ಮಾತ್ರೆ ತುಟಿ, ಚರ್ಮ ಎಲ್ಲವನ್ನೂ ಒಣಗಿಸುತ್ತದೆ. ಬಿಸಿಲು ತಾಗಿದರೆ ಚರ್ಮ ಬೇಗ ಸುಡುತ್ತದೆ. ಹಾಗಾಗಿ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಫೇಸ್‌ವಾಶ್, ತುಟಿಗೆ ಹಚ್ಚುವ ಬಾಮ್ ಸೇರುತ್ತವೆ. ಡಾಕ್ಟರ್ ಕಣ್ಣಿಗೆ ಇವೆಲ್ಲ ಚಿಕಿತ್ಸೆಯ ಭಾಗ. ತೆರಿಗೆಯವರ ಕಣ್ಣಿಗೆ ಸೌಂದರ್ಯ ಸಾಧನ. ಸನ್‌ಸ್ಕ್ರೀನ್, ಮುಖದ ಕ್ರೀಮು, ಟ್ಯೂಬಿನ ಫೇಸ್‌ವಾಶ್ ಮೇಲೆ ಈಗಲೂ ಶೇ 18 ಜಿಎಸ್‌ಟಿ ಇದೆ. ಒಂದೇ ಚೀಟಿ, ಒಂದೇ ಅಂಗಡಿ, ಒಂದೇ ಬಿಲ್, ಅದರಲ್ಲಿ ಎರಡು ದರ. ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇದು ಅಚ್ಚಾಗಿರುತ್ತದೆ, ಒಮ್ಮೆ ನೋಡಿ. ‘ಔಷಧಿ ಅಗ್ಗವಾಯಿತು ಅಂದ್ರು, ಬಿಲ್ ಮಾತ್ರ ಹಾಗೇ ಇದೆ’ ಎಂಬ ದೂರಿಗೆ ಅರ್ಧ ಕಾರಣ ಅಲ್ಲೇ ಸಿಗುತ್ತದೆ.

ಇದಲ್ಲದೆ ರಕ್ತ ಪರೀಕ್ಷೆ. ಮಾತ್ರೆ ಶುರು ಮಾಡುವ ಮೊದಲು, ಆಮೇಲೆ ನಡುವೆ ಒಂದೆರಡು ಸಲ ಲಿವರ್ ಮತ್ತು ಕೊಬ್ಬಿನಂಶದ ಪರೀಕ್ಷೆ ಮಾಡಿಸಬೇಕು. ಗರ್ಭ ಧರಿಸುವ ವಯಸ್ಸಿನ ಹೆಣ್ಣುಮಕ್ಕಳಿಗೆ ಗರ್ಭ ಪರೀಕ್ಷೆಯೂ ಬೇಕು. ಪ್ರತಿ ಸಲದ ಕನ್ಸಲ್ಟೇಶನ್ ಫೀಸು ಬೇರೆ. ಎಲ್ಲ ಕೂಡಿಸಿದರೆ ಮಾತ್ರೆಯ ಬೆಲೆ ಒಟ್ಟು ಖರ್ಚಿನ ಒಂದು ಭಾಗ ಅಷ್ಟೇ. ತೆರಿಗೆ ಇಳಿದದ್ದು ಆ ಒಂದು ಭಾಗಕ್ಕೆ.

ಕಾಯಿಲೆಯೋ, ಅಂದದ ವಿಷಯವೋ?

ಒಪಿಡಿ ಎಂಬ ಗೋಡೆ ದಾಟಿದರೂ ಇನ್ನೊಂದು ಗೋಡೆ ಎದುರಿಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಯಾವುದಕ್ಕೆ ದುಡ್ಡು ಕೊಡಬೇಕಿಲ್ಲ ಎಂಬ ಪಟ್ಟಿಯನ್ನು ಎಲ್ಲ ಪಾಲಿಸಿಗಳಿಗೂ ಒಂದೇ ಮಾತಿನಲ್ಲಿ ಗೊತ್ತು ಮಾಡಿದೆ. ಅದರ 8ನೇ ಸಂಕೇತ ಸೌಂದರ್ಯ ಚಿಕಿತ್ಸೆಯದ್ದು. ರೂಪ ಬದಲಿಸುವ ಯಾವುದೇ ಚಿಕಿತ್ಸೆಗೆ ದುಡ್ಡಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲಿನ ಸರಿಪಡಿಕೆಗೆ, ಇಲ್ಲವೇ ಆರೋಗ್ಯಕ್ಕೆ ನೇರ ಅಪಾಯ ತಪ್ಪಿಸಲು ಬೇಕಾದಾಗ ಮಾತ್ರ ಕೊಡುತ್ತಾರೆ.

ಮೊಡವೆ ಎಲ್ಲಿಗೆ ಸೇರುತ್ತದೆ? ಚರ್ಮದ ಡಾಕ್ಟರುಗಳು ಹೇಳುವುದು ಇದು ಕಾಯಿಲೆ ಎಂದೇ. ಎಣ್ಣೆ ಗ್ರಂಥಿಯ ಉರಿಯೂತ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಇದಕ್ಕೆ ಎಲ್70 ಎಂಬ ಸಂಕೇತವೇ ಇದೆ. ಸರಿಯಾದ ಹೊತ್ತಿಗೆ ಚಿಕಿತ್ಸೆ ಸಿಗದಿದ್ದರೆ ಗುಳಿ ಬಿದ್ದ ಕಲೆ ಜೀವನಪೂರ್ತಿ ಉಳಿಯುತ್ತದೆ. ಹರೆಯದ ಮಕ್ಕಳ ಮನಸ್ಸಿನ ಮೇಲೆ ಆಗುವ ಪೆಟ್ಟೂ ಸಣ್ಣದಲ್ಲ. ಕಂಪನಿಗಳು ಹೇಳುವುದು ಬೇರೆ: ಇದರಿಂದ ಪ್ರಾಣಕ್ಕೆ ಅಪಾಯವಿಲ್ಲ, ಚಿಕಿತ್ಸೆಯ ಉದ್ದೇಶ ಮುಖ ಚೆನ್ನಾಗಿ ಕಾಣುವುದು.

ನನ್ನ ಅಭಿಪ್ರಾಯದಲ್ಲಿ ಗೆರೆಯನ್ನು ಎಳೆಯಬೇಕಾದದ್ದು ಇವೆರಡರ ನಡುವೆ ಬೇರೆಲ್ಲೋ. ಈಗ ಏಳುತ್ತಿರುವ ಗಂಟು ಮೊಡವೆಗೆ ಮಾತ್ರೆ ಕೊಡುವುದು ಕಾಯಿಲೆಯ ಚಿಕಿತ್ಸೆ, ಅದರಲ್ಲಿ ಅನುಮಾನವೇ ಬೇಡ. ಎಲ್ಲ ವಾಸಿಯಾದ ಮೇಲೆ ಕಲೆಗೆ ಮಾಡಿಸುವ ಲೇಸರ್, ಪೀಲಿಂಗ್ ಬಗ್ಗೆ ಬೇಕಾದರೆ ವಾದ ಮಾಡಬಹುದು. ಆದರೆ ಪಾಲಿಸಿಯ ಭಾಷೆ ಇಷ್ಟು ನಾಜೂಕಾಗಿಲ್ಲ. ವಿಚಿತ್ರ ಏನೆಂದರೆ, ಮೊದಲನೆಯದಕ್ಕೆ ದುಡ್ಡು ಸಿಗದ್ದರಿಂದಲೇ ಎರಡನೆಯದರ ಅಗತ್ಯ ಬರುತ್ತದೆ. ಆ ಖರ್ಚು ಮಾತ್ರೆಯದಕ್ಕಿಂತ ಎಷ್ಟೋ ಪಟ್ಟು.

‘ಸುಮ್ನೆ ಒಂದು ರಾತ್ರಿ ಅಡ್ಮಿಟ್ ಆಗಿಬಿಡಿ, ಕ್ಲೇಮ್ ಮಾಡಬಹುದು’ ಎಂಬ ಸಲಹೆ ಎಲ್ಲ ಊರಲ್ಲೂ ಓಡಾಡುತ್ತದೆ. ಅದನ್ನು ಕೇಳಬೇಡಿ. ಬರೀ ಪರೀಕ್ಷೆಗೆಂದು ಆಸ್ಪತ್ರೆ ಸೇರಿದರೆ ದುಡ್ಡು ಕೊಡಬೇಕಿಲ್ಲ ಎಂದು ಅದೇ ಪಟ್ಟಿಯ 4ನೇ ಸಂಕೇತ ಹೇಳುತ್ತದೆ. ಬೇಡದ ಅಡ್ಮಿಷನ್ ಮೋಸವೆಂದು ಸಾಬೀತಾದರೆ ಇಡೀ ಪಾಲಿಸಿಯೇ ರದ್ದಾಗಬಹುದು. ಮೊಡವೆಗೆ ನಿಜವಾಗಿಯೂ ಆಸ್ಪತ್ರೆ ಸೇರುವ ಸಂದರ್ಭ ಅಪರೂಪ: ಜ್ವರ, ಕೀಲು ನೋವಿನ ಜೊತೆ ಇದ್ದಕ್ಕಿದ್ದಂತೆ ಉಲ್ಬಣಿಸುವ ಬಗೆ, ಇಲ್ಲವೇ ಕೀವು ತುಂಬಿ ಕೊಯ್ಯಬೇಕಾದ ಗಡ್ಡೆ, ಔಷಧಿಯಿಂದ ಆದ ತೀವ್ರ ಅಲರ್ಜಿ. ಆಗ ಕ್ಲೇಮ್‌ಗೆ ನ್ಯಾಯವಾದ ಆಧಾರವಿದೆ. ಬಿಟ್ಟ ಮೇಲಿನ ಔಷಧಿಯ ಬಿಲ್ಲನ್ನೂ ಸೇರಿಸಬಹುದು.

ಅಮೆರಿಕದ ಸಲಹೆ ಇಲ್ಲಿ ನಡೆಯಲ್ಲ

ಗೊಂದಲ ಹೆಚ್ಚಲು ಮೊಬೈಲ್ ಕೂಡ ಕಾರಣ. ಮೊಡವೆ ಮಾತ್ರೆ, ಇನ್ಶೂರೆನ್ಸ್ ಎಂದು ಹುಡುಕಿದರೆ ಬರುವುದೆಲ್ಲ ಅಮೆರಿಕದ ಸಲಹೆ. ಅಲ್ಲಿನ ವಿಮೆಯಲ್ಲಿ ಸಾಮಾನ್ಯವಾಗಿ ಔಷಧಿಯ ಭಾಗ ಒಂದಿರುತ್ತದೆ. ವರ್ಷದ ಮೊದಲ ಇಷ್ಟು ಡಾಲರ್ ನೀವು ಕೊಡಿ, ಆಮೇಲೆ ಪ್ರತಿ ಸಲ ಒಂದು ಪಾಲು (ಕೋಪೇ) ಕೊಡಿ, ಉಳಿದದ್ದು ಕಂಪನಿಯದು. ಔಷಧಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿರುತ್ತಾರೆ. ಬ್ರ್ಯಾಂಡ್ ಹೆಸರಿಲ್ಲದೆ ಅಗ್ಗವಾಗಿ ಸಿಗುವ ಜೆನೆರಿಕ್ ಕೆಳಗೆ, ಬ್ರ್ಯಾಂಡ್ ಮೇಲೆ. ದುಬಾರಿ ಔಷಧಿಗೆ ಕಂಪನಿಯ ಮುಂಗಡ ಒಪ್ಪಿಗೆ ಬೇಕು.

ಹಾಗೆಂದು ಅಲ್ಲಿನವರು ಸುಖವಾಗಿಲ್ಲ. ಅಡಾಪಲೀನ್ ಎಂಬ ಮೊಡವೆ ಜೆಲ್ ಅನ್ನು 2016ರಲ್ಲಿ ಅಮೆರಿಕ ಚೀಟಿಯಿಲ್ಲದೆ ಮಾರಲು ಬಿಟ್ಟಿತು. ಜೆಲ್ ಎಲ್ಲರ ಕೈಗೂ ಸಿಕ್ಕಿತು. ಆದರೆ ಅಂಗಡಿಯಲ್ಲೇ ಸಿಗುವ ವಸ್ತುವಿಗೆ ವಿಮೆಯವರು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ನಮ್ಮಲ್ಲಿ ಅಡಾಪಲೀನ್ ಇನ್ನೂ ಚೀಟಿಯ ಔಷಧಿಯೇ.

ಇಲ್ಲಿಗೂ ಅಲ್ಲಿಗೂ ದೊಡ್ಡ ಫರಕು ಇದು: ಅಲ್ಲಿನ ಔಷಧಿ ಬೆಲೆ ವಿಮೆಯಿಲ್ಲದೆ ಮುಟ್ಟಲಾಗದಷ್ಟು ಎತ್ತರ, ಆದ್ದರಿಂದ ವಿಮೆಯೊಳಗೆ ಔಷಧಿ ಬಂತು. ಇಲ್ಲಿ ಜೆನೆರಿಕ್ ತಯಾರಿಕೆಯಿಂದ ಬೆಲೆ ಕೆಳಗಿದೆ, ಆದ್ದರಿಂದ ವಿಮೆಯ ಹೊರಗೇ ಉಳಿಯಿತು. ಅಲ್ಲಿಯ ಕೂಪನ್, ಕೋಪೇ ಕಾರ್ಡಿನ ಉಪಾಯಗಳನ್ನು ಇಲ್ಲಿ ಹುಡುಕಿ ಪ್ರಯೋಜನವಿಲ್ಲ.

ಒಪಿಡಿ ಸೇರಿಸಿಕೊಂಡರೆ?

ಈಗ ಕೆಲವು ಕಂಪನಿಗಳು ಹೆಚ್ಚಿನ ಕಂತಿಗೆ ಒಪಿಡಿ ಸೌಲಭ್ಯ ಸೇರಿಸುತ್ತವೆ. ಮೊಡವೆಗಾಗಿಯೇ ಅದನ್ನು ಕೊಳ್ಳಬೇಕೇ? ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 5,000 ರೂ. ಮಿತಿಯ ಸೌಲಭ್ಯಕ್ಕೆ 3,500 ರೂ. ಹೆಚ್ಚುವರಿ ಕಂತು ಎಂದಿಟ್ಟುಕೊಂಡರೆ, ಎಲ್ಲ ಬಿಲ್ ಪಾಸಾದರೂ ಸಿಗುವ ಲಾಭ 1,500 ರೂ. ಮಿತಿಯೊಳಗೆ ಔಷಧಿಗೆ ಬೇರೆಯೇ ಉಪಮಿತಿ ಇರಬಹುದು. ಕೆಲವದರಲ್ಲಿ ಡಾಕ್ಟರ್ ಫೀಸು ಮಾತ್ರ ಇದೆ, ಔಷಧಿ ಇಲ್ಲ. ಸೌಂದರ್ಯ ಚಿಕಿತ್ಸೆಯ ಷರತ್ತು ಇಲ್ಲಿಗೂ ಅನ್ವಯಿಸುತ್ತದೆ.

ಕೊಡಗಿನವರು ಇನ್ನೊಂದನ್ನೂ ನೋಡಬೇಕು. ಈ ಸೌಲಭ್ಯ ಎಷ್ಟೋ ಸಲ ಕಂಪನಿ ಗೊತ್ತು ಮಾಡಿದ ಕ್ಲಿನಿಕ್ಕುಗಳಿಗೆ ಮಾತ್ರ. ಆ ಪಟ್ಟಿಯಲ್ಲಿ ಸೋಮವಾರಪೇಟೆ, ಪೊನ್ನಂಪೇಟೆ ಇವೆಯೋ, ಅಥವಾ ಮೈಸೂರಿನಿಂದಲೇ ಶುರುವೋ? ಸಹಿ ಹಾಕುವ ಮೊದಲು ಏಜೆಂಟರಿಂದ ಪಟ್ಟಿಯನ್ನೇ ಕೇಳಿ ಪಡೆಯಿರಿ. ಮನೆಯಲ್ಲಿ ಬಿಪಿ, ಶುಗರ್ ಎಂದು ನಾಲ್ಕು ಜನ ಔಷಧಿ ನುಂಗುವವರಿದ್ದರೆ ಲೆಕ್ಕ ಬೇರೆಯಾಗಬಹುದು. ಬರೀ ಮೊಡವೆಗೆ ಇದು ಗಿಟ್ಟುವುದಿಲ್ಲ.

ಕೊಡಗಿನಲ್ಲಿ ಯಾರ ಕೈಯಲ್ಲಿ ಯಾವ ಕಾರ್ಡು

ಮೊಡವೆ ಔಷಧಿ ನಿಜವಾಗಿ ‘ಕವರ್’ ಆಗುವುದು ಖಾಸಗಿ ವಿಮೆಯಲ್ಲಲ್ಲ. ಮೊದಲನೆಯದು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನಲ್ಲಿ. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆಯಲ್ಲಿ ಫೌಜಿನ ನಂಟಿಲ್ಲದ ಊರು ಹುಡುಕುವುದು ಕಷ್ಟ. 2003ರಲ್ಲಿ ಶುರುವಾದ ಈ ಯೋಜನೆಯ ಕಾರ್ಡು ಎಷ್ಟೋ ಮನೆಗಳ ಬೀರುವಿನಲ್ಲಿದೆ. ಇದರಲ್ಲಿ ಹೊರರೋಗಿಗೂ ಚಿಕಿತ್ಸೆ ಇದೆ, ಪಾಲಿಕ್ಲಿನಿಕ್‌ನಲ್ಲೇ ಔಷಧಿ ಕೊಡುತ್ತಾರೆ, ಬೇಕಾದರೆ ತಜ್ಞರಿಗೆ ರೆಫರ್ ಮಾಡುತ್ತಾರೆ. ಅವಲಂಬಿತ ಮಕ್ಕಳಿಗೂ ಇದು ಸಿಗುತ್ತದೆ. ಗಂಡು ಮಕ್ಕಳಿಗಾದರೆ 25 ವರ್ಷದವರೆಗೆ, ಅದೂ ದುಡಿಮೆ ಶುರುವಾಗುವ ತನಕ. ಆದರೂ ಕಾರ್ಡು ಹೊರಬರುವುದು ಅಪ್ಪನ ಎದೆನೋವಿಗೆ, ಅಜ್ಜನ ಆಪರೇಷನ್‌ಗೆ. ಮಗಳ ಮೊಡವೆಗೆ ಅದೇ ಕಾರ್ಡು ನಡೆಯಬಹುದು ಎಂದು ಯಾರೂ ಯೋಚಿಸುವುದಿಲ್ಲ. ಬರೆದ ಔಷಧಿ ಸ್ಟಾಕ್ ಇಲ್ಲದಿರುವುದು ಇಲ್ಲಿನ ಮಾಮೂಲಿ ತೊಂದರೆ. ಸನ್‌ಸ್ಕ್ರೀನ್, ಫೇಸ್‌ವಾಶ್ ಅಲ್ಲೂ ನಿರೀಕ್ಷಿಸಬೇಡಿ.

ಎರಡನೆಯದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ತಿಂಗಳಿಗೆ 21,000 ರೂ. ಒಳಗಿನ ಸಂಬಳದವರು, ಉದಾಹರಣೆಗೆ ಇಎಸ್‌ಐಗೆ ಒಳಪಟ್ಟ ರೆಸಾರ್ಟ್ ಅಥವಾ ಕಾಫಿ ಕ್ಯೂರಿಂಗ್ ವರ್ಕ್ಸ್‌ನ ನೌಕರರು, ಸಂಬಳದ ಶೇ 0.75 ಕಟ್ಟುತ್ತಾರೆ, ಮಾಲೀಕರು ಶೇ 3.25 ಹಾಕುತ್ತಾರೆ. ಕುಟುಂಬದವರಿಗೂ ಹೊರರೋಗಿ ಚಿಕಿತ್ಸೆ, ಔಷಧಿ ಸೇರಿದೆ.

ತೋಟದ ಲೈನ್ ಮನೆಗಳಲ್ಲಿರುವವರ ಕತೆ ಬೇರೆ. ಅವರ ವೈದ್ಯಕೀಯ ಸೌಲಭ್ಯ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯಿದೆಯ ಪ್ರಕಾರ ಮಾಲೀಕರ ಹೊಣೆಯಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ, ತೋಟದ ಮಾಲೀಕರು ಬಯಸಿದರೆ ಕಾರ್ಮಿಕರನ್ನು ಇಎಸ್‌ಐಗೆ ಸೇರಿಸಬಹುದು. ಬಯಸಿದರೆ ಎಂಬುದೇ ಇಲ್ಲಿನ ತೊಡಕು. ಸೇರಿಸಿದರೆ ಲೈನ್ ಮನೆಯ ಮಗುವಿಗೆ ಸಿಗುವ ಹೊರರೋಗಿ ಸೌಲಭ್ಯ, ಖಾಸಗಿ ವಿಮೆ ಕಟ್ಟುವ ಮಾಲೀಕನ ಮಗುವಿಗೆ ಸಿಗುವುದಕ್ಕಿಂತ ಜಾಸ್ತಿಯೇ ಆಗುತ್ತದೆ.

ಉಳಿದ ಎರಡು ಕಾರ್ಡುಗಳಿಂದ ಮೊಡವೆಗೆ ಪ್ರಯೋಜನ ಕಡಿಮೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ನೆರವಿದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಎರಡೂ ನಡೆಯುವುದು ಗೊತ್ತುಪಡಿಸಿದ ಆಸ್ಪತ್ರೆ ಚಿಕಿತ್ಸೆಗಳ ಪಟ್ಟಿಯ ಮೇಲೆ. ಮೆಡಿಕಲ್ ಶಾಪಿನ ಬಿಲ್ ಅಲ್ಲಿ ಓಡುವುದಿಲ್ಲ.

ಖರ್ಚು ತಪ್ಪಿಸಲು ಹೋಗಿ

ಡಾಕ್ಟರ್ ಫೀಸು, ಪರೀಕ್ಷೆ, ಪ್ರಯಾಣ ಎಲ್ಲ ಕೈಯಿಂದಲೇ ಎಂದಾದಾಗ ಜನ ಅಡ್ಡದಾರಿ ಹಿಡಿಯುತ್ತಾರೆ. ಅದರಲ್ಲಿ ಅತಿ ಕೆಟ್ಟದ್ದು, ಅಂಗಡಿಯಲ್ಲಿ ‘ಮೊಡವೆಗೆ ಏನಾದ್ರೂ ಕೊಡಿ’ ಎಂದು ಕೇಳಿ ಸ್ಟೀರಾಯ್ಡ್ ಬೆರೆತ ಟ್ಯೂಬ್ ತರುವುದು. ಬೀಟಾಮೆಥಾಸೋನ್, ಕ್ಲೊಬೆಟಸಾಲ್ ಎಂದು ಟ್ಯೂಬಿನ ಮೇಲೆ ಬರೆದಿರುತ್ತದೆ. ಮೊದಲ ವಾರ ಮುಖ ನುಣುಪಾಗಿ, ಬೆಳ್ಳಗೆ ಕಾಣುತ್ತದೆ. ಬಿಟ್ಟ ಕೂಡಲೇ ಎರಡರಷ್ಟು ಮೊಡವೆ, ಉರಿ, ಕೆಂಪು. ಮತ್ತೆ ಹಚ್ಚಿದರೆ ಚರ್ಮ ತೆಳುವಾಗುತ್ತಾ ಹೋಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಮಾಡಿತು. ಕಾಗದದ ಮೇಲೆ.

ಇನ್ನು ಕೆಲವರು ಐಸೊಟ್ರೆಟಿನಾಯಿನ್‌ನ ಹಳೆ ಚೀಟಿ ತೋರಿಸಿ ತಾವೇ ಕೊಂಡು ನುಂಗುತ್ತಾರೆ, ಪರೀಕ್ಷೆ ಬಿಡುತ್ತಾರೆ. ಇದು ಹುಡುಗಾಟಿಕೆಯ ಮಾತ್ರೆಯಲ್ಲ. ಬಸುರಿಯರು ನುಂಗಿದರೆ ಮಗುವಿಗೆ ಗಂಭೀರ ಅಂಗದೋಷ ಉಂಟಾಗುತ್ತದೆ. ಶುರು ಮಾಡುವ ಒಂದು ತಿಂಗಳು ಮೊದಲಿನಿಂದ, ನಿಲ್ಲಿಸಿದ ಒಂದು ತಿಂಗಳವರೆಗೆ ಗರ್ಭ ಧರಿಸಬಾರದು. ಅಮೆರಿಕದಲ್ಲಿ ಇದಕ್ಕೆಂದೇ 2006ರಿಂದ ಕಡ್ಡಾಯ ನೋಂದಣಿ ವ್ಯವಸ್ಥೆ ಇದೆ. ನಮ್ಮಲ್ಲಿ ಡಾಕ್ಟರ್ ಹೇಳುವ ಮಾತೇ ಕಾವಲು. ಫೀಸು ಉಳಿಸಲು ಡಾಕ್ಟರನ್ನೇ ಬಿಟ್ಟರೆ ಆ ಕಾವಲೂ ಹೋಯಿತು.

ಮೂರು ತಿಂಗಳಿಗೆ ಮುಖ ತಿಳಿಯಾಯಿತೆಂದು ನಡುವೆ ನಿಲ್ಲಿಸುವವರೂ ಬಹಳ. ಕೋರ್ಸ್ ಅರ್ಧಕ್ಕೆ ಬಿಟ್ಟರೆ ಮೊಡವೆ ಮರಳುವ ಸಾಧ್ಯತೆ ಜಾಸ್ತಿ. ಆಗ ಮೊದಲಿನ ಖರ್ಚೂ ನೀರು ಪಾಲು.

ಬೆಲೆ ನಿಜಕ್ಕೂ ಇಳಿಯುವುದು ಎಲ್ಲಿ

ತೆರಿಗೆಯಿಂದ ಉಳಿಯುವುದು ನೂರಕ್ಕೆ ಆರು ರೂಪಾಯಿ ಅಂದಾಜು. ಬ್ರ್ಯಾಂಡ್ ಬದಲಿಸಿದರೆ ಅರ್ಧಕ್ಕರ್ಧ ಉಳಿಯಬಹುದು. ಜನೌಷಧಿ ಕೇಂದ್ರಗಳ ಔಷಧಿ ಬ್ರ್ಯಾಂಡಿನದಕ್ಕಿಂತ ಶೇ 50ರಿಂದ 90ರವರೆಗೆ ಅಗ್ಗ ಎಂದು ಸರ್ಕಾರವೇ ಹೇಳುತ್ತದೆ. ಮಧ್ಯಮ ಮಟ್ಟದ ಮೊಡವೆಗೆ ಬರೆಯುವ ಡಾಕ್ಸಿಸೈಕ್ಲಿನ್ ಅಲ್ಲಿ ಸಿಗುತ್ತದೆ. ಬೇರೆ ಹೆಸರುಗಳನ್ನು ‘ಜನೌಷಧಿ ಸುಗಮ್’ ಆ್ಯಪ್‌ನಲ್ಲಿ ಹುಡುಕಿ ಬೆಲೆ ಹೋಲಿಸಬಹುದು. ಹತ್ತಿರದ ಕೇಂದ್ರ ಯಾವುದೆಂದೂ ಅದೇ ತೋರಿಸುತ್ತದೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆ ಆವರಣದ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತ್ತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆ ಆದೇಶ ಆಸ್ಪತ್ರೆಯ ಹೊರಗಿನ ಕೇಂದ್ರಗಳಿಗೆ ಸಂಬಂಧಿಸಿದ್ದಲ್ಲ.

ತೊಂದರೆ ಚೀಟಿಯಲ್ಲಿದೆ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿದ್ದರೆ ಅಂಗಡಿಯವರು ಅದನ್ನೇ ಕೊಡುತ್ತಾರೆ. ಡಾಕ್ಟರುಗಳು ಜೆನೆರಿಕ್ ಹೆಸರಲ್ಲೇ ಬರೆಯಬೇಕೆಂದು 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ತಂದಿತು. ವಿರೋಧ ಬಂತು, ಅದೇ ತಿಂಗಳಲ್ಲಿ ತಡೆಹಿಡಿಯಿತು. ಗುಣಮಟ್ಟದ ಖಾತ್ರಿ ಇಲ್ಲದೆ ಜೆನೆರಿಕ್ ಬರೆಯುವುದು ಹೇಗೆ ಎಂಬ ವೈದ್ಯರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಆರು ತಿಂಗಳು ನುಂಗಬೇಕಾದ ಮಾತ್ರೆಗೆ ‘ಇದರಲ್ಲೇ ಕಡಿಮೆ ಬೆಲೆಯದ್ದು ಇದ್ದರೆ ಬರೆಯಿರಿ ಡಾಕ್ಟ್ರೇ’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಬೆಲೆಯ ಮಿತಿ ಇರುವುದು ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವವಕ್ಕೆ. ಪಟ್ಟಿಯಿಂದ ಹೊರಗಿನ ಔಷಧಿಯ ಎಂಆರ್‌ಪಿಯನ್ನು ಕಂಪನಿ ವರ್ಷಕ್ಕೆ ಶೇ 10ರವರೆಗೆ ಏರಿಸಬಹುದು. ಅಂದರೆ ತೆರಿಗೆ ಇಳಿಕೆಯ ಲಾಭ ಒಂದೇ ವರ್ಷದ ಏರಿಕೆಯಲ್ಲಿ ಮಾಯವಾಗುವುದಕ್ಕೆ ಕಾನೂನಿನ ಅಡ್ಡಿಯೇನಿಲ್ಲ.

ಡಾಕ್ಟರ್ ಫೀಸಿನ ಮಟ್ಟಿಗೆ, ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ ಹತ್ತಿರದ ದಾರಿ. ಕಾಯುವುದು ಜಾಸ್ತಿ, ಫೀಸು ಕಡಿಮೆ, ರಕ್ತ ಪರೀಕ್ಷೆಯೂ ಅಲ್ಲೇ. ನಡುವಿನ ಸಣ್ಣ ಪ್ರಶ್ನೆಗಳಿಗೆ ಸರ್ಕಾರದ ಇ-ಸಂಜೀವನಿಯಲ್ಲಿ ಮೊಬೈಲ್ ಮೂಲಕವೇ ಉಚಿತವಾಗಿ ಡಾಕ್ಟರ್ ಜೊತೆ ಮಾತಾಡಬಹುದು. ಮಳೆಗಾಲದಲ್ಲಿ ರಸ್ತೆ ಕೈಕೊಟ್ಟಾಗ ಇದು ಉಪಯೋಗಕ್ಕೆ ಬರುತ್ತದೆ.

ಕ್ಲೇಮ್ ತಿರಸ್ಕಾರವಾದರೆ

ಒಪಿಡಿ ಸೌಲಭ್ಯವಿದ್ದೂ, ಅಥವಾ ನಿಜವಾಗಿ ಆಸ್ಪತ್ರೆ ಸೇರಿಯೂ ‘ಇದು ಸೌಂದರ್ಯ ಚಿಕಿತ್ಸೆ’ ಎಂದು ಕಂಪನಿ ಬಿಲ್ ವಾಪಸ್ ಕಳಿಸಬಹುದು. ಅದಕ್ಕೆ ಮೊದಲೇ ಸಿದ್ಧರಾಗಿರಬೇಕು. ಚೀಟಿಯಲ್ಲಿ ಕಾಯಿಲೆಯ ಹೆಸರು, ತೀವ್ರತೆ ಸ್ಪಷ್ಟವಾಗಿ ಬರೆಯಲು ಡಾಕ್ಟರನ್ನು ಕೇಳಿ. ಬರೀ ಮಾತ್ರೆಯ ಹೆಸರಿರುವ ಚೀಟಿ ಕ್ಲೇಮ್‌ನಲ್ಲಿ ನಿಲ್ಲುವುದಿಲ್ಲ. ಔಷಧಿಯದ್ದೂ ಕ್ರೀಮು, ಫೇಸ್‌ವಾಶಿನದ್ದೂ ಬೇರೆ ಬೇರೆ ಬಿಲ್ ಮಾಡಿಸಿ. ಒಟ್ಟಿಗಿದ್ದರೆ ಇಡೀ ಬಿಲ್ಲಿನ ಮೇಲೇ ಅನುಮಾನ ಬರುತ್ತದೆ.

ತಿರಸ್ಕಾರದ ಕಾರಣವನ್ನು ಪಾಲಿಸಿಯ ಯಾವ ಷರತ್ತಿನಡಿ ಎಂದು ಬರಹದಲ್ಲೇ ಪಡೆಯಿರಿ. ಮೊದಲ ದೂರು ಕಂಪನಿಯ ದೂರು ವಿಭಾಗಕ್ಕೆ. ಪ್ರಾಧಿಕಾರದ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲೂ ದಾಖಲಿಸಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರುಗಳನ್ನು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಹೋಗಬಹುದು. ಅಲ್ಲಿ ಫೀಸಿಲ್ಲ, ವಕೀಲರೂ ಬೇಕಿಲ್ಲ. 2021ರ ತಿದ್ದುಪಡಿಯ ನಂತರ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ವಿಚಾರಣೆಯನ್ನೂ ವಿಡಿಯೋ ಮೂಲಕ ನಡೆಸಲು ಅವಕಾಶವಿದೆ, ಹಾಗಾಗಿ ವಿರಾಜಪೇಟೆಯವರು ಅದಕ್ಕೆಂದು ಬೆಂಗಳೂರಿನ ಬಸ್ ಹತ್ತಬೇಕಾಗಿಲ್ಲ.